ಅಟ್ಟದ ಗಣಕವನ್ನು ಚಾಲೂ ಮಾಡುವ ಮೊದಲು

“ಇದ್ರೊಳಗೆ ನೂರಾರು ಮದುವೆ ಇದ್ದು ತಮಾ” ಎಂದರು ಸೋದರಮಾವ, ಗೋಣಿಚೀಲ ಸರಿಸುತ್ತ. ಕುಮಟಾದ ಅವರ ಹಂಚಿನ ಮನೆಯ ಅಟ್ಟದಲ್ಲಿ, ತೆಂಗಿನಕಾಯಿ ರಾಶಿಯ ಪಕ್ಕದಲ್ಲಿ, ಹಳದಿಗಟ್ಟಿದ ಗಣಕದ ಪೆಟ್ಟಿಗೆಯೊಂದು ಕೂತಿತ್ತು. ಪೇಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದ ಕಾಲದಲ್ಲಿ ಮದುವೆ, ಉಪನಯನದ ಕಾಗದ, ಯಕ್ಷಗಾನದ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ದೇವಸ್ಥಾನದ ರಶೀದಿ ಪುಸ್ತಕ ಎಲ್ಲವನ್ನೂ ಅವರು ಕಂಪೋಸ್ ಮಾಡಿದ್ದು ಇದರಲ್ಲೇ. ಪೆಂಟಿಯಂ 3, 64 ಎಂಬಿ ರ‍್ಯಾಮ್, ವಿಂಡೋಸ್ 98, ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್. ಅಂಗಡಿ ಮುಚ್ಚಿದ ಮೇಲೆ ಅಟ್ಟ ಹತ್ತಿದ ಪೆಟ್ಟಿಗೆಯನ್ನು ಮತ್ತೆ ಯಾರೂ ಮುಟ್ಟಿರಲಿಲ್ಲ. ಮಾವ ಅದನ್ನು ಕೆಳಗಿಳಿಸಿ, ಒರೆಸಿ, ವೈರು ಹುಡುಕಿ ತಂದು ಪ್ಲಗ್ ಹಾಕಲು ಹೊರಟಾಗ ನಾನು ತಡೆದೆ. ಯಾಕೆ ತಡೆದೆ, ಆಮೇಲೆ ಏನೇನು ಮಾಡಿದೆವು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲೂ ಇಂಥ ಪೆಟ್ಟಿಗೆಗಳು ಅಟ್ಟದಲ್ಲಿವೆ, ಮಂಚದಡಿ ಇವೆ. ಅವುಗಳಲ್ಲಿ ಇರುವುದು ಬೇರೆಲ್ಲೂ ಇಲ್ಲ.

ಹಳೆಯ ಯಂತ್ರ ಬಳಸಿ ಬಳಸಿ ಸವೆಯುತ್ತದೆ, ಆದ್ದರಿಂದ ಮುಟ್ಟದೆ ಇಟ್ಟರೆ ಉಳಿಯುತ್ತದೆ ಎಂದು ಸಾಮಾನ್ಯವಾಗಿ ಎಲ್ಲರೂ ನಂಬುತ್ತಾರೆ. ನಮ್ಮ ಸೀಮೆಯಲ್ಲಿ ಈ ನಂಬಿಕೆ ತಲೆಕೆಳಗು. ಇಲ್ಲಿ ಗಣಕಗಳನ್ನು ಕೊಂದದ್ದು ಹೆಚ್ಚಾಗಿ ಮುಟ್ಟದೆ ಇಟ್ಟ ವರ್ಷಗಳೇ.

ಉಪ್ಪಿನ ಭರಣಿಯಲ್ಲಿ ಕಾಣುವುದು

ಆಷಾಢದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೋಡಿ. ಸಾಣಿಕಟ್ಟೆಯ ಹರಳುಪ್ಪು ಬೇಸಿಗೆಯಲ್ಲಿ ಗರಗರ ಇದ್ದದ್ದು ಆರ್ದ್ರೆ ಮಳೆ ಹಿಡಿದ ವಾರದೊಳಗೆ ನೀರೊಡೆಯುತ್ತದೆ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿತೆಂದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗತೊಡಗುತ್ತದೆ. ಮಳೆಗಾಲದ ಕರಾವಳಿಯಲ್ಲಿ ತೇವಾಂಶ ದಿನವಿಡೀ ಅದಕ್ಕಿಂತ ಮೇಲೇ ಇರುತ್ತದೆ.

ಕಡಲ ಗಾಳಿ ಹೊತ್ತು ತರುವ ಉಪ್ಪಿನ ಕಣ ಭರಣಿಗೆ ಮಾತ್ರ ಬೀಳುವುದಿಲ್ಲವಲ್ಲ. ಗಣಕದ ಫ್ಯಾನು ವರ್ಷಗಟ್ಟಲೆ ಆ ಗಾಳಿಯನ್ನು ಒಳಗೆ ಎಳೆದಿದೆ. ಮದರ್‌ಬೋರ್ಡಿನ ಮೇಲಿನ ಧೂಳಿನಲ್ಲಿ ಉಪ್ಪೂ ಸೇರಿದೆ. ಯಂತ್ರ ನಡೆಯುತ್ತಿದ್ದಾಗ ಒಳಗಿನ ಬಿಸಿ ಆ ಧೂಳನ್ನು ಒಣಗಿಸಿಯೇ ಇಡುತ್ತಿತ್ತು. ನಿಂತ ಮೇಲೆ ಪ್ರತಿ ಮಳೆಗಾಲದಲ್ಲೂ ಅದು ಒದ್ದೆಯಾಗಿ ಉಪ್ಪುನೀರಿನ ತೆಳು ಪೊರೆಯಾಗುತ್ತದೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಬೋರ್ಡಿನಲ್ಲಿ ಎರಡು ತಾಮ್ರದ ಗೆರೆಗಳ ನಡುವಿನ ಅಂತರ ಕೂದಲೆಳೆಯಷ್ಟಿರುವ ಜಾಗಗಳಿವೆ. ಅಲ್ಲಿ ಈ ಪೊರೆ ಇರುವಾಗಲೇ ವಿದ್ಯುತ್ ಕೊಟ್ಟರೆ ಒಂದು ಗೆರೆಯ ತಾಮ್ರ ಕರಗುತ್ತದೆ, ಹಸಿರು ಕಿಲುಬು ಹಬ್ಬುತ್ತದೆ, ಕೆಲವೊಮ್ಮೆ ಒಂದೇ ಏಟಿಗೆ ಚಿಪ್ ಸುಡುತ್ತದೆ. ಪ್ಲಗ್ ಹಿಡಿದ ಮಾವನ ಕೈಯನ್ನು ನಾನು ತಡೆದದ್ದು ಇದಕ್ಕೆ.

ಘಟ್ಟದ ಮೇಲೆ ಉಪ್ಪಿನ ಕಾಟ ಕಡಿಮೆ. ಅಲ್ಲಿ ಬೂಸ್ಟಿನದ್ದೇ ಕಾರುಬಾರು. ಒಣಗದ ಅಡಿಕೆಗೆ ಹಿಡಿಯುವ ಹಾಗೆಯೇ ಫ್ಲಾಪಿಗೂ ಸೀಡಿಯ ಲೇಬಲ್ಲಿಗೂ ಬೂಸ್ಟು ಹಿಡಿಯುತ್ತದೆ.

ಹಾಗಾಗಿ ಈ ಕೆಲಸಕ್ಕೆ ಕಾಲ ಮುಖ್ಯ. ನಾವು ಮಾಘದ ಒಣ ಚಳಿಯಲ್ಲಿ ಪೆಟ್ಟಿಗೆ ಬಿಚ್ಚಿದೆವು. ನಾಲ್ಕು ದಿನ ಅದನ್ನು ಮುಚ್ಚಳ ತೆಗೆದು, ಗಾಳಿಯಾಡುವ ಕೋಣೆಯಲ್ಲಿ ನೆರಳಿನಲ್ಲಿ ಇಟ್ಟಿದ್ದೆವು. ಬಿಸಿಲಿಗೆ ಇಡಬಾರದು, ಹಳೆಯ ಪ್ಲಾಸ್ಟಿಕ್ ಸುಲಭವಾಗಿ ಒಡೆಯುತ್ತದೆ. ಆಮೇಲೆ ಮೆತ್ತನೆಯ ಬಣ್ಣದ ಬ್ರಶ್ಶಿನಿಂದ ಧೂಳು ತೆಗೆದು, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬ್ರಶ್ಶಿನಿಂದ ಒರೆಸಿದೆವು. ಅದು ನೀರನ್ನೂ ಜಿಡ್ಡನ್ನೂ ಎತ್ತಿಕೊಂಡು ತಾನೂ ಆರಿಹೋಗುತ್ತದೆ. ರ‍್ಯಾಮ್ ಹಲಗೆಯ ಚಿನ್ನದ ಹಲ್ಲುಗಳನ್ನು ಶಾಲೆ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಪುಡಿ ಒರೆಸಿ, ಮತ್ತೆ ಗಟ್ಟಿಯಾಗಿ ಕೂರಿಸಿದೆವು. ಚಾಲೂ ಆಗುತ್ತದೆ, ಆದರೆ ತೆರೆಯ ಮೇಲೆ ಏನೂ ಬರುವುದಿಲ್ಲ ಎಂಬ ದೂರಿಗೆ ಎಷ್ಟೋ ಸಲ ಇದೊಂದೇ ಮದ್ದು.

ವಿದ್ಯುತ್ ಕೊಡುವ ಬಗೆ

ಪವರ್ ಸಪ್ಲೈ, ಅಂದರೆ ನಾವೆಲ್ಲ ಎಸ್‌ಎಂಪಿಎಸ್ ಎಂದು ಕರೆಯುವ ಉಕ್ಕಿನ ಡಬ್ಬಿಯನ್ನು ಹೊರಗೆ ತೆಗೆದಾಗ ಅದರ ಫ್ಯಾನಿನ ಜಾಲರಿಯೊಳಗೆ ಕಣಜದ ಹುಳು ಕಟ್ಟಿದ ಮೂರು ಮಣ್ಣಿನ ಕೋಣೆಗಳಿದ್ದವು. ಬೆರಳಿನಿಂದ ಒತ್ತಿದರೆ ಪುಡಿಯಾಯಿತು, ಒಳಗೆ ಒಣಗಿದ ಜೇಡಗಳ ಚೂರು. ಫ್ಯಾನು ತಿರುಗಲು ಜಾಗವೇ ಇರಲಿಲ್ಲ. ಹಾಗೇ ಚಾಲೂ ಮಾಡಿದ್ದರೆ ಬಿಸಿಗಾಳಿ ಹೊರಹೋಗಲು ದಾರಿಯಿಲ್ಲದೆ ಒಳಗೇ ಬೇಯುತ್ತಿತ್ತು.

ಈ ಡಬ್ಬಿಯ ಮುಚ್ಚಳವನ್ನು ಮಾತ್ರ ವಿದ್ಯುತ್ ಕೆಲಸ ಗೊತ್ತಿಲ್ಲದವರು ತೆಗೆಯಬಾರದು. ಗೋಡೆಯ 230 ವೋಲ್ಟ್ ಎಸಿ ಒಳಗೆ ಡಿಸಿಯಾಗುವಾಗ ಸುಮಾರು 325 ವೋಲ್ಟ್ ಆಗಿ ದೊಡ್ಡ ಕೆಪಾಸಿಟರುಗಳಲ್ಲಿ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅದು ಅಲ್ಲೇ ಇರುತ್ತದೆ. ಹಳೆಯ ಡಬ್ಬಾ ಮಾನಿಟರು ಇನ್ನೂ ಅಪಾಯಕಾರಿ. ಅದರ ಪಿಕ್ಚರ್ ಟ್ಯೂಬಿಗೆ ಹೋಗುವ ಒತ್ತಡ 20ರಿಂದ 25 ಸಾವಿರ ವೋಲ್ಟ್. ಅದನ್ನು ಹೊರಗಿನಿಂದ ಒರೆಸಿ, ಅಷ್ಟೇ ಸಾಕು. ವಿಜಿಎ ಸಾಕೆಟ್ ಇರುವ ಯಾವುದೇ ಎಲ್‌ಸಿಡಿ ಮಾನಿಟರು ಈ ಗಣಕಗಳಿಗೆ ಹೊಂದುತ್ತದೆ.

ಎಸ್‌ಎಂಪಿಎಸ್ ಪರೀಕ್ಷೆಗೆ ನಮ್ಮ ಎಲೆಕ್ಟ್ರಿಷಿಯನ್ನರ ಹಳೆಯ ಸೀರೀಸ್ ಬಲ್ಬಿನ ಉಪಾಯವೇ ಚೆನ್ನ. ಡಬ್ಬಿಯನ್ನು ಮದರ್‌ಬೋರ್ಡಿನಿಂದ ಪೂರ್ತಿ ಬಿಡಿಸಿ, 100 ವ್ಯಾಟಿನ ಹಳೆಯ ತಂತಿ ಬಲ್ಬೊಂದರ ಮೂಲಕ ವಿದ್ಯುತ್ ಕೊಡಬೇಕು. ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಒಳಗೆ ಶಾರ್ಟ್ ಇಲ್ಲ. ಬಲ್ಬು ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಏನೋ ಸುಟ್ಟಿದೆ, ಅಲ್ಲಿಗೇ ನಿಲ್ಲಿಸಬೇಕು. ಬಲ್ಬು ಇರುವುದರಿಂದ ಸ್ಫೋಟವೂ ಇಲ್ಲ, ಮನೆಯ ಫ್ಯೂಸೂ ಹೋಗುವುದಿಲ್ಲ. ಎಟಿಎಕ್ಸ್ ಎಂಬ ಈಚಿನ ಮಾದರಿಯ ಡಬ್ಬಿಯಾದರೆ ಹಸಿರು ತಂತಿಯನ್ನು ಯಾವುದಾದರೂ ಕಪ್ಪು ತಂತಿಗೆ ಜೋಡಿಸಿದಾಗ ಅದು ಚಾಲೂ ಆಗುತ್ತದೆ. ಭಾರಕ್ಕೆ ಒಂದು ಹಳೆಯ ಸೀಡಿ ಡ್ರೈವ್ ಸಿಕ್ಕಿಸಿ ಮೀಟರು ಹಿಡಿಯಿರಿ: ಕೆಂಪು ತಂತಿಯಲ್ಲಿ 5, ಹಳದಿಯಲ್ಲಿ 12, ಕಿತ್ತಳೆಯಲ್ಲಿ 3.3 ವೋಲ್ಟ್. ಶೇ. 5ರಷ್ಟು ಆಚೀಚೆ ಆದರೆ ತೊಂದರೆಯಿಲ್ಲ.

ಡಬ್ಬಿಯ ಹಿಂದೆ 115, 230 ಎಂದು ಬರೆದ ಪುಟ್ಟ ಕೆಂಪು ಸ್ವಿಚ್ಚು ಇರುತ್ತದೆ. ಅದು 230ರಲ್ಲೇ ಇದೆಯೇ ಎಂದು ಪ್ರತಿ ಸಲವೂ ನೋಡಿ. ಮಕ್ಕಳು ಆಟಕ್ಕೆ ಸರಿಸಿಟ್ಟಿದ್ದರೆ ಪ್ಲಗ್ ಹಾಕಿದ ಕೂಡಲೇ ಢಂ ಎನ್ನುತ್ತದೆ.

ಇನ್ನು ಪೆಂಟಿಯಂಗಿಂತ ಹಿಂದಿನ 386, 486 ಕಾಲದ ಗಣಕಗಳ ಎಟಿ ಮಾದರಿಯಲ್ಲಿ ಮದರ್‌ಬೋರ್ಡಿಗೆ ಹೋಗುವ ಕನೆಕ್ಟರು ಎರಡು ತುಂಡಾಗಿ ಇರುತ್ತದೆ. ಜೋಡಿಸುವಾಗ ಎರಡರ ಕಪ್ಪು ತಂತಿಗಳೂ ಮಧ್ಯದಲ್ಲಿ ಅಕ್ಕಪಕ್ಕ ಬರಬೇಕು. ಅದಲುಬದಲಾದರೆ ಬೋರ್ಡು ಹೋಯಿತೆಂದೇ ಅರ್ಥ.

ಬ್ಯಾಟರಿ ಮತ್ತು ಉಬ್ಬಿದ ತಲೆಗಳು

ಗಣಕಕ್ಕೆ ತಾರೀಖು, ಗಂಟೆ, ಯಾವ ಡಿಸ್ಕು ಎಂಬ ನೆನಪು ಉಳಿಯುವುದು ಮದರ್‌ಬೋರ್ಡಿನ ಸಣ್ಣ ಬ್ಯಾಟರಿಯಿಂದ. ಮಾವನ ಪೆಂಟಿಯಂನಲ್ಲಿ ಇದ್ದದ್ದು ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಾಕಾರದ ಸೆಲ್ಲು. ಅದು ಸತ್ತರೂ ಹಾನಿ ಮಾಡುವುದು ಅಪರೂಪ. ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ, ಬದಲಿಸಿದರೆ ಆಯಿತು.

ಅದಕ್ಕಿಂತ ಹಿಂದಿನ 386, 486 ಬೋರ್ಡುಗಳ ಕಥೆ ಬೇರೆ. ಅವುಗಳಲ್ಲಿ ಹಲವಕ್ಕೆ ಪುಟ್ಟ ಪೀಪಾಯಿಯಂಥ 3.6 ವೋಲ್ಟಿನ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿ ಕೂರಿಸುತ್ತಿದ್ದರು. ವಯಸ್ಸಾದಂತೆ ಅದು ಸೋರುತ್ತದೆ. ಸೋರುವ ದ್ರವ ಪ್ರಬಲ ಕ್ಷಾರ. ಬೋರ್ಡಿನ ತಾಮ್ರದ ಗೆರೆಗಳನ್ನು ಹಿಡಿದುಕೊಂಡೇ ಹರಿದು ತಿನ್ನುತ್ತ ಹೋಗುತ್ತದೆ. ಕಾರವಾರದ ಗೆಳೆಯರ ಮನೆಯಲ್ಲಿ ಹೀಗೊಂದು 486 ನೋಡಿದೆ. ಬ್ಯಾಟರಿಯ ಸುತ್ತ ಅಂಗೈಯಗಲ ಹಸಿರು-ನೀಲಿ ಕಿಲುಬು, ಕೀಬೋರ್ಡ್ ಸಾಕೆಟ್ಟಿನ ಕಾಲುಗಳು ಮುಟ್ಟಿದರೆ ಉದುರುವ ಹಾಗಿದ್ದವು. ಎರಡು ವರ್ಷ ಮೊದಲು ನೋಡಿದ್ದರೆ ಒಂದು ಕಟಿಂಗ್ ಪ್ಲೈಯರಿನಿಂದ ಅದನ್ನು ಉಳಿಸಬಹುದಿತ್ತಲ್ಲ ಎಂಬ ನೋವು ನನಗೆ ಈಗಲೂ ಇದೆ. ನಿಮ್ಮ ಮನೆಯಲ್ಲಿ ಅಷ್ಟು ಹಳೆಯ ಗಣಕ ಇದ್ದರೆ ಉಳಿದದ್ದೆಲ್ಲ ನಾಳೆ ಮಾಡಿ, ಆ ಬ್ಯಾಟರಿಯನ್ನು ಇವತ್ತೇ ಕತ್ತರಿಸಿ ತೆಗೆಯಿರಿ. ಸೋರಿದ್ದರೆ ಬಿಳಿ ವಿನೆಗರನ್ನು ಹತ್ತಿಯಲ್ಲಿ ಅದ್ದಿ ಒರೆಸಿ. ಹುಣಸೆ ಹುಳಿಯಲ್ಲಿ ತಾಮ್ರದ ಹಂಡೆ ಬೆಳಗುವಾಗ ಕಿಲುಬು ಕರಗುವುದೂ ಹುಳಿಯ ಗುಣದಿಂದಲೇ, ಆದರೆ ಹುಣಸೆಯ ಜಿಗುಟು ಬೋರ್ಡಿಗೆ ಬೇಡ. ವಿನೆಗರ್ ಆದಮೇಲೆ ಡಿಸ್ಟಿಲ್ಡ್ ವಾಟರ್, ಆಮೇಲೆ ಆಲ್ಕೊಹಾಲ್, ಆಮೇಲೆ ಎರಡು ದಿನ ಒಣಗಲು ಬಿಡಿ.

ಮದರ್‌ಬೋರ್ಡಿನ ಮೇಲೆ ನಿಂತಿರುವ ಪುಟ್ಟ ಕೊಳವೆಗಳು ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು. ಅವುಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಬುಡದಲ್ಲಿ ಕಂದು ಅಂಟು ಕಂಡರೆ ಅವು ಕೆಟ್ಟಿವೆ. ಸುಮಾರು 1999ರಿಂದ 2007ರವರೆಗೆ ಬಂದ ಬೋರ್ಡುಗಳಲ್ಲಿ ಇದು ಜಗತ್ತಿನಾದ್ಯಂತ ಕಾಡಿದ ದೋಷ. ಟಿವಿ ರಿಪೇರಿ ಮಾಡುವವರು ಬದಲಿಸಿಕೊಡುತ್ತಾರೆ. ಮೈಕ್ರೊಫ್ಯಾರಡ್ ಅಷ್ಟೇ ಇರಬೇಕು, ವೋಲ್ಟೇಜು ಅಷ್ಟೇ ಅಥವಾ ಸ್ವಲ್ಪ ಹೆಚ್ಚಿರಬಹುದು, 105 ಡಿಗ್ರಿಯ ‘ಲೋ ಇಎಸ್‌ಆರ್’ ಮಾಲೇ ಬೇಕು ಎಂದು ಕೇಳಿ.

ಡಿಸ್ಕನ್ನು ಮೊದಲು ನಕಲು ಮಾಡಿ

ಇಷ್ಟಾದ ಮೇಲೂ ಮಾವನ ಯಂತ್ರವನ್ನು ಅದರದೇ ಹಾರ್ಡ್‌ಡಿಸ್ಕಿನಿಂದ ನಾವು ಚಾಲೂ ಮಾಡಲಿಲ್ಲ. ಆ ಡಿಸ್ಕಿಗೆ ಎಷ್ಟು ಉಸಿರು ಉಳಿದಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ವಿಂಡೋಸ್ ಶುರುವಾಗುವಾಗಲೇ ನೂರಾರು ಕಡತ ಓದುತ್ತದೆ, ಸ್ವಾಪ್ ಕಡತಕ್ಕೂ ರಿಜಿಸ್ಟ್ರಿಗೂ ಬರೆಯುತ್ತದೆ. ಉಳಿದಿರುವ ಅಲ್ಪ ಉಸಿರನ್ನು ಅದಕ್ಕೆ ಖರ್ಚು ಮಾಡುವುದಕ್ಕಿಂತ ಪೂರ್ತಿ ನಕಲಿಗೆ ಮೀಸಲಿಡುವುದು ಬುದ್ಧಿವಂತಿಕೆ.

ಹಾರ್ಡ್‌ಡಿಸ್ಕು ಪೂರ್ತಿ ಮುಚ್ಚಿದ ಡಬ್ಬಿ ಎಂದೇ ನಮ್ಮ ತಿಳಿವಳಿಕೆ. ಹಾಗಿಲ್ಲ. ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡ ಸರಿದೂಗಲು ಅದಕ್ಕೊಂದು ಸೂಜಿಮೊನೆಯಷ್ಟು ತೂತು ಇದೆ, ಒಳಬದಿಗೆ ಧೂಳು ಸೋಸುವ ಬಟ್ಟೆ. ಆ ಬಟ್ಟೆ ಧೂಳನ್ನು ತಡೆಯುತ್ತದೆ, ತೇವವನ್ನು ತಡೆಯುವುದಿಲ್ಲ. ಅಟ್ಟದಲ್ಲಿ ಕಳೆದ ಪ್ರತಿಯೊಂದು ಮಳೆಗಾಲದ ಗಾಳಿಯೂ ಆ ತೂತಿನಿಂದ ಒಳಗೆ ಹೋಗಿ ಬಂದಿದೆ.

ಹಳೆಯ ಡಿಸ್ಕುಗಳ ಅಗಲ ಪಟ್ಟಿ ಕೇಬಲಿನ ಜೋಡಣೆಗೆ ಐಡಿಇ ಎಂದು ಹೆಸರು. ಯುಎಸ್‌ಬಿಯಿಂದ ಐಡಿಇಗೆ ಜೋಡಿಸುವ ಅಡಾಪ್ಟರು ಸಿಗುತ್ತದೆ. ಡಿಸ್ಕಿನ ಪಿನ್ನುಗಳಿಗೆ ತೊಡಿಸುವ ಜಂಪರ್ ಎಂಬ ಪುಟ್ಟ ಟೋಪಿಯನ್ನು ‘ಮಾಸ್ಟರ್’ ಎಂದು ಗುರುತಿಸಿದ ಜಾಗಕ್ಕೆ ಹಾಕಿ, ಲಿನಕ್ಸ್ ಇರುವ ಲ್ಯಾಪ್‌ಟಾಪಿಗೆ ಚುಚ್ಚಿ, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಓಡಿಸಿದೆವು. ಅದರ ಜಾಣತನ ನನಗೆ ಬಹಳ ಇಷ್ಟ. ಓದಲು ಬಾರದ ಜಾಗ ಸಿಕ್ಕರೆ ಅಲ್ಲೇ ಹಠ ಹಿಡಿದು ಕೂರುವುದಿಲ್ಲ. ಗುರುತು ಹಾಕಿಕೊಂಡು ಮುಂದೆ ಹೋಗಿ, ಸುಲಭದ್ದನ್ನೆಲ್ಲ ಮೊದಲು ಬಾಚಿಕೊಂಡು, ಆಮೇಲೆ ಕಷ್ಟದ ಜಾಗಗಳಿಗೆ ಮರಳುತ್ತದೆ. ಹೀಗೆ ಇಡೀ ಡಿಸ್ಕು ಒಂದೇ ದೊಡ್ಡ ಕಡತವಾಗಿ ಹೊರಬಂತು. ತುಂಬಾ ಹಳೆಯ, ನೂರಿನ್ನೂರು ಎಂಬಿಯ ಡಿಸ್ಕುಗಳನ್ನು ಮಾತ್ರ ಈ ಅಡಾಪ್ಟರುಗಳು ಗುರುತಿಸದೇ ಹೋಗಬಹುದು. ಅವಕ್ಕೆ ಐಡಿಇ ಸಾಕೆಟ್ ಇರುವ ಹಳೆಯ ಮದರ್‌ಬೋರ್ಡೇ ಬೇಕು.

ಫ್ಲಾಪಿಗಳ ವಿಷಯದಲ್ಲಿ ಅವಸರ ಮಾಡಬಾರದು. 3.5 ಇಂಚಿನ ಫ್ಲಾಪಿಯಲ್ಲಿ ಪ್ರತಿ ಬದಿಗೆ 80 ಸುತ್ತು, ಸುತ್ತಿಗೆ 18 ತುಂಡು, ತುಂಡಿಗೆ 512 ಬೈಟ್. ಎರಡು ಬದಿ ಕೂಡಿದರೆ 14,74,560 ಬೈಟ್. ಅದೇ ನಮ್ಮ 1.44 ಎಂಬಿ. ಲೋಹದ ಬಾಗಿಲು ಸರಿಸಿ, ಬೆಳಕಿಗೆ ಹಿಡಿದು, ನಡುವಿನ ಚಕ್ರ ತಿರುಗಿಸುತ್ತ ಕಂದು ಹಾಳೆಯನ್ನು ನೋಡಿ. ಬಿಳಿ ಚುಕ್ಕೆ, ಜೇಡರ ಬಲೆಯಂಥ ಗೆರೆ ಕಂಡರೆ ಬೂಸ್ಟು. ಅದನ್ನು ಹಾಗೇ ಡ್ರೈವಿಗೆ ಹಾಕಿದರೆ ಹೆಡ್ಡು ಬೂಸ್ಟನ್ನು ಕೆರೆದು ಹಾಳೆ ಗೀರುತ್ತದೆ, ಆ ಕೊಳೆ ಹೆಡ್ಡಿಗೆ ಅಂಟಿ ಮುಂದಿನ ಒಳ್ಳೆಯ ಫ್ಲಾಪಿಯನ್ನೂ ಹಾಳು ಮಾಡುತ್ತದೆ. ಹತ್ತಿ ಕಡ್ಡಿಯನ್ನು ಆಲ್ಕೊಹಾಲಿನಲ್ಲಿ ಅದ್ದಿ ಎರಡೂ ಬದಿ ಮೆಲ್ಲಗೆ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಮೂಲೆಯ ಪುಟ್ಟ ಕಿಟಕಿ ತೆರೆದಿದ್ದರೆ ಅದರ ಮೇಲೆ ಏನೂ ಬರೆಯಲಾಗದು. ಓದುವ ಮೊದಲು ಅದನ್ನು ತೆರೆದಿಡಿ.

ಕನ್ನಡ ಎಲ್ಲಿ ಸಿಕ್ಕಿಕೊಂಡಿದೆ

ನಕಲು ಸಿಕ್ಕಿತಲ್ಲ, ಹೊಸ ಲ್ಯಾಪ್‌ಟಾಪಿನಲ್ಲೇ ತೆರೆದರಾಯಿತು, ಹಳೆಯ ಪೆಟ್ಟಿಗೆ ಯಾಕೆ ಬೇಕು? ಮಾವ ಕೇಳಿದ ಈ ಪ್ರಶ್ನೆಗೆ ಉತ್ತರ ಕನ್ನಡ ಅಕ್ಷರಗಳಲ್ಲೇ ಇದೆ.

ಆ ಕಾಲದ ಫಾಂಟಿನಲ್ಲಿ ಒಟ್ಟು 256 ಖಾನೆಗಳು. ಅದರಲ್ಲಿ ಇಂಗ್ಲಿಷಿನ ಅಕ್ಷರ ಕೂರುವ ಖಾನೆಗಳಲ್ಲೇ ಕನ್ನಡವನ್ನೂ ಕೂರಿಸಬೇಕಿತ್ತು. ಕನ್ನಡದ ಕಾಗುಣಿತ, ಒತ್ತುಗಳೆಲ್ಲ ಇಡಿಯಾಗಿ ಅಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಅಕ್ಷರಗಳನ್ನು ತುಂಡು ಮಾಡಿದರು. ತಲೆಕಟ್ಟು ಒಂದು ಕಡೆ, ಮೈ ಒಂದು ಕಡೆ, ಕೊಂಬು, ದೀರ್ಘ, ಒತ್ತು ಪ್ರತಿಯೊಂದೂ ಬೇರೆ ಬೇರೆ ಖಾನೆಯಲ್ಲಿ. ಬೆರಳಚ್ಚು ಮಾಡಿದಂತೆ ಈ ತುಂಡುಗಳು ಸೇರಿ ತೆರೆಯ ಮೇಲೆ ಕನ್ನಡವಾಗಿ ಕಾಣುತ್ತಿದ್ದವು. ಕಡತದೊಳಗೆ ಇರುವುದು ಮಾತ್ರ ಖಾನೆಗಳ ಸಂಖ್ಯೆ. ಫಾಂಟ್ ಕಳೆದುಹೋದರೆ ಮದುವೆ ಕಾಗದದಲ್ಲಿ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚುಕ್ಕೆ, ಚಿಹ್ನೆಗಳ ಸಾಲು. ಯಾವ ತುಂಡು ಯಾವ ಖಾನೆಯಲ್ಲಿ ಎಂಬುದನ್ನು ಒಂದೊಂದು ಕಂಪನಿ ಒಂದೊಂದು ಬಗೆಯಲ್ಲಿ ಇಟ್ಟಿತ್ತು. ‘ಶ್ರೀಲಿಪಿ’ ಎಂಬ ತಂತ್ರಾಂಶದಲ್ಲಿ ಮಾಡಿದ್ದು ‘ಬರಹ’ ಎಂಬ ಇನ್ನೊಂದರಲ್ಲಿ ತೆರೆಯದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಬಂದು, ಸರ್ಕಾರ ಅದರ ಖಾನೆ ವ್ಯವಸ್ಥೆಯನ್ನು ಒಪ್ಪಿದ ಮೇಲೆ ಈ ಗೊಂದಲ ತಕ್ಕಮಟ್ಟಿಗೆ ಕಡಿಮೆಯಾಯಿತು. ಅಷ್ಟರಲ್ಲಿ ಮಾವನಂಥವರು ಸಾವಿರಾರು ಪುಟ ಕಂಪೋಸ್ ಮಾಡಿ ಆಗಿತ್ತು.

ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸ್ವಂತ ಸಂಖ್ಯೆ ಕೊಡುವ ಯುನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಖಾನೆಗಳ ಸ್ವಂತ ಜಾಗವಿದೆ. ಆದರೆ ಆ ಸಂಖ್ಯೆಗಳನ್ನು ಒತ್ತು, ಕಾಗುಣಿತ ಕೂಡಿಸಿ ತೆರೆಯ ಮೇಲೆ ಮೂಡಿಸುವ ವ್ಯವಸ್ಥೆ ಮತ್ತು ತುಂಗಾ ಎಂಬ ಫಾಂಟು ವಿಂಡೋಸಿನ ಜೊತೆಗೇ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅದಕ್ಕಿಂತ ಹಿಂದಿನ ಕನ್ನಡವೆಲ್ಲ ಆ ತುಂಡುಗಳ ಲೋಕದ್ದು.

ಪೇಜ್‌ಮೇಕರಿನ ತೊಡಕು ಇನ್ನೊಂದು. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದರ ಕಡತಗಳನ್ನು ಅದರ ನಂತರ ಬಂದ ಇನ್‌ಡಿಸೈನ್ ತಂತ್ರಾಂಶದಲ್ಲಿ ಸಿಎಸ್6 ಆವೃತ್ತಿಯವರೆಗೆ ತೆರೆಯಬಹುದಿತ್ತು, ಆಮೇಲಿನ ಆವೃತ್ತಿಗಳು ಆ ಬಾಗಿಲು ಮುಚ್ಚಿದವು. ಇದರ ಮೇಲೆ, ಕೆಲವು ಕನ್ನಡ ತಂತ್ರಾಂಶಗಳಿಗೆ ಪ್ಯಾರಲಲ್ ಪೋರ್ಟಿಗೆ ಚುಚ್ಚುವ ಡಾಂಗಲ್ ಎಂಬ ಬೆರಳುದ್ದದ ಬೀಗ ಇರುತ್ತಿತ್ತು. ಅದಿಲ್ಲದೆ ಅವು ತೆರೆಯುವುದಿಲ್ಲ. ಮಾವನ ಡ್ರಾಯರಿನಲ್ಲಿ ಸ್ಟೇಪ್ಲರ್ ಪಿನ್ನುಗಳ ನಡುವೆ ಅದು ಸಿಕ್ಕಿತು. ಏನೆಂದು ತಿಳಿಯದೆ ಎಷ್ಟು ಮನೆಗಳಲ್ಲಿ ಅದನ್ನು ಎಸೆದಿದ್ದಾರೋ! ಹಳೆಯ ಡಿಟಿಪಿ ಅಂಗಡಿಯ ಸಾಮಾನು ತೆರವು ಮಾಡುವವರು ದಯವಿಟ್ಟು ಆ ಪುಟ್ಟ ಡಬ್ಬಿಯನ್ನು ಎತ್ತಿಡಿ.

ಆದ್ದರಿಂದ ಹಳೆಯ ಗಣಕ ನಿಜವಾಗಿ ನಡೆಯಬೇಕು. ನಮ್ಮ ದಾರಿ ಹೀಗಿತ್ತು. ಯಂತ್ರದಲ್ಲೇ ಕಡತ ತೆರೆದು, ವಿಂಡೋಸ್ 98ರ ಪ್ರಿಂಟರ್ ಪಟ್ಟಿಯಿಂದ ಆಪಲ್ ಲೇಸರ್‌ರೈಟರ್ ಎಂಬ ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರನ್ನು ಸೇರಿಸಿದೆವು. ಪೋಸ್ಟ್‌ಸ್ಕ್ರಿಪ್ಟ್ ಎಂದರೆ ಪುಟದ ರೂಪವನ್ನು ಪ್ರಿಂಟರಿಗೆ ವಿವರಿಸುವ ಭಾಷೆ. ಪ್ರಿಂಟರು ಮನೆಯಲ್ಲಿ ಇರಬೇಕೆಂದಿಲ್ಲ; ಪೋರ್ಟಿನ ಜಾಗದಲ್ಲಿ ‘ಫೈಲ್’ ಎಂದು ಆರಿಸಿದರೆ ಮುದ್ರಣವೆಲ್ಲ ಒಂದು ಕಡತವಾಗಿ ಉಳಿಯುತ್ತದೆ. ಅದನ್ನು ಹೊಸ ಲ್ಯಾಪ್‌ಟಾಪಿನಲ್ಲಿ ಗೋಸ್ಟ್‌ಸ್ಕ್ರಿಪ್ಟ್ ಎಂಬ ಉಚಿತ ತಂತ್ರಾಂಶಕ್ಕೆ ಕೊಟ್ಟರೆ ಪಿಡಿಎಫ್ ಸಿದ್ಧ. ಅಕ್ಷರದ ಚಂದ, ಗಣಪತಿಯ ಚಿತ್ರ, ಅಂಚಿನ ಬಳ್ಳಿ ಎಲ್ಲ ಅಂದಿನ ಹಾಗೆಯೇ.

ಇದರಿಂದ ರೂಪ ಉಳಿಯಿತು, ಹುಡುಕಲು ಮಾತ್ರ ಬರುವುದಿಲ್ಲ. ಅದಕ್ಕೆ ಪಠ್ಯವನ್ನು ಬೇರೆ ತೆಗೆದು ಯುನಿಕೋಡಿಗೆ ಪರಿವರ್ತಿಸಬೇಕು. ಉಚಿತ ಪರಿವರ್ತಕಗಳಿವೆ, ಆದರೆ ಅರ್ಕಾವತ್ತಿನಲ್ಲಿ ಎಡವುತ್ತವೆ. ‘ಧರ್ಮ’ ಎಂಬ ಪದ ನೋಡಿ. ಉಚ್ಚಾರದಲ್ಲಿ ರ್ ಮೊದಲು, ಮ ಆಮೇಲೆ. ಯುನಿಕೋಡಿನ ಕ್ರಮವೂ ಅದೇ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕೂರುವುದು ಮ ಆದಮೇಲೆ, ಕಣ್ಣಿಗೆ ಕಾಣುವ ಕ್ರಮದಲ್ಲಿ. ಪರಿವರ್ತಕ ಅದನ್ನು ಎತ್ತಿ ಹಿಂದಿನ ಜಾಗಕ್ಕೆ ಕೂರಿಸಬೇಕು. ಸರಿಯಾದ ಅಕ್ಷರದ ಹಿಂದೆ ಕೂರಿಸದಿದ್ದರೆ ‘ಧಮರ್’ ಆಗುತ್ತದೆ. ಅಂತರಜಾಲದಲ್ಲಿ ‘ಕಾಯರ್ಕ್ರಮ’, ‘ವಷರ್’ ಎಂದೆಲ್ಲ ನೀವು ಓದಿದ್ದರೆ ಅದು ಬರೆದವರ ತಪ್ಪಲ್ಲ, ಹೀಗೆ ಬಂದದ್ದು. ಈ ತಿದ್ದುವ ಕೆಲಸಕ್ಕೆ ಕನ್ನಡ ಬಲ್ಲ ಕಣ್ಣೇ ಬೇಕು, ಮತ್ತು ಅದಕ್ಕೆ ಮಾವನಷ್ಟು ಹೊಂದುವವರು ನನಗೆ ಯಾರೂ ಕಾಣಲಿಲ್ಲ.

ಅಡಿಕೆ ಮಂಡಿಯ ಲೆಕ್ಕದಂಥ, ವಿಂಡೋಸಿಗೂ ಹಿಂದಿನ ಡಾಸ್ ಕಾಲದ ಕಡತಗಳಿಗೆ ಇಷ್ಟು ಕಷ್ಟವಿಲ್ಲ. ಡಿಬೇಸ್, ಫಾಕ್ಸ್‌ಪ್ರೊಗಳ ಡಿಬಿಎಫ್ ಕಡತವನ್ನು ಲಿಬ್ರೆ ಆಫೀಸ್ ನೇರವಾಗಿ ತೆರೆಯುತ್ತದೆ.

ದಿನಬಳಕೆಗೆ

ನಕಲಾದ ಮೇಲೆ ಹಳೆಯ ಹಾರ್ಡ್‌ಡಿಸ್ಕಿಗೆ ವಿಶ್ರಾಂತಿ ಕೊಡಿ. ಅದರ ಜಾಗದಲ್ಲಿ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡನ್ನು ಐಡಿಇ ಅಡಾಪ್ಟರಿನಲ್ಲಿ ಕೂರಿಸಬಹುದು. ಆ ಕಾರ್ಡಿಗೆ ಐಡಿಇ ಭಾಷೆ ಹುಟ್ಟಿನಿಂದಲೇ ಗೊತ್ತು. ತಿರುಗುವ ಭಾಗ ಇಲ್ಲ, ತೇವಕ್ಕೂ ಹೆಚ್ಚು ತಾಳುತ್ತದೆ. ದೊಡ್ಡ ಕಾರ್ಡಿನ ಆಸೆ ಬೇಡ. ಗಣಕ ಚಾಲೂ ಆಗುವಾಗ ಡಿಸ್ಕನ್ನು ಗುರುತಿಸುವುದು ಬೋರ್ಡಿನಲ್ಲೇ ಕೂತ ಬಯೋಸ್ ಎಂಬ ತಂತ್ರಾಂಶ. ಆ ಕಾಲದ ಹಲವು ಬಯೋಸ್‌ಗಳಿಗೆ 8.4 ಜಿಬಿಯಿಂದಾಚೆ ಕಾಣುವುದಿಲ್ಲ, ಇನ್ನೂ ಹಳೆಯವಕ್ಕೆ 504 ಎಂಬಿಯೇ ಗಡಿ. ಮಾವನ ಯಂತ್ರಕ್ಕೆ 4 ಜಿಬಿ ಕಾರ್ಡು ಹಾಕಿದ್ದೇವೆ, ಅರ್ಧವೂ ತುಂಬಿಲ್ಲ. ರ‍್ಯಾಮ್ ವಿಷಯವೂ ಹಾಗೆಯೇ. ವಿಂಡೋಸ್ 98ಕ್ಕೆ 512 ಎಂಬಿಗಿಂತ ಹೆಚ್ಚು ಕೊಟ್ಟರೆ ಮೆಮರಿ ಸಾಲದು ಎಂದು ತಕರಾರು ತೆಗೆಯುತ್ತದೆ. 128 ಅಥವಾ 256 ಧಾರಾಳ.

ಇಂಟರ್ನೆಟ್ಟಿಗೆ ಮಾತ್ರ ಜೋಡಿಸಬೇಡಿ. ವಿಂಡೋಸ್ 98ಕ್ಕೆ ಭದ್ರತಾ ತಿದ್ದುಪಡಿಗಳು 2006ರ ಜುಲೈಗೆ ನಿಂತವು, ಎಕ್ಸ್‌ಪಿಗೆ 2014ರ ಏಪ್ರಿಲಿನಲ್ಲಿ. ಇಂದಿನ ಜಾಲತಾಣಗಳ ಗೂಢಲಿಪಿ ಹಳೆಯ ಬ್ರೌಸರಿಗೆ ಅರ್ಥವೇ ಆಗುವುದಿಲ್ಲ, ಹಾಗಾಗಿ ಜೋಡಿಸಿ ಪ್ರಯೋಜನವೂ ಇಲ್ಲ. ಕಡತ ಸಾಗಿಸಲು ಸೀಡಿ ಅಥವಾ ಅದೇ ಫ್ಲಾಶ್ ಕಾರ್ಡು ಸಾಕು.

ಡಾಂಗಲ್ ಬೇಡದ ಕೆಲಸಗಳಿಗೆ ಹೊಸ ಗಣಕದೊಳಗೇ ಹಳೆಯದನ್ನು ಅನುಕರಿಸುವ 86ಬಾಕ್ಸ್‌ನಂಥ ಎಮ್ಯುಲೇಟರಿನಲ್ಲಿ ನಕಲು ಡಿಸ್ಕನ್ನು ಓಡಿಸಬಹುದು, ಡಾಸ್ ಪ್ರೋಗ್ರಾಮುಗಳಿಗೆ ಡಾಸ್‌ಬಾಕ್ಸ್ ಇದೆ. ನಾನು ದಿನವೂ ಬಳಸುವುದು ಇವನ್ನೇ. ಪೆಟ್ಟಿಗೆಯ ಮುಂದೆ ಕೂರುವುದು ಅದರಿಂದಲೇ ಆಗಬೇಕಾದ ಕೆಲಸ ಇದ್ದಾಗ.

ಕೆಲಸ ಇಲ್ಲದಿದ್ದರೂ ಚಾಲೂ ಮಾಡುತ್ತೇವೆ, ಪ್ರತಿ ಅಮಾವಾಸ್ಯೆ, ಹುಣ್ಣಿಮೆಗೆ ಒಂದೊಂದು ತಾಸು. ದಿನ ನೆನಪಿರಲೆಂದು ಮಾವ ಮಾಡಿದ ಲೆಕ್ಕ ಅದು. ಬಿಸಿಗೆ ತೇವ ಆರುತ್ತದೆ, ಕೆಪಾಸಿಟರಿನೊಳಗಿನ ಆಕ್ಸೈಡ್ ಪದರ ವಿದ್ಯುತ್ ಸಿಕ್ಕಾಗ ಮತ್ತೆ ಗಟ್ಟಿಯಾಗುತ್ತದೆ. ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ವಾರಕ್ಕೊಮ್ಮೆ. ಉಳಿದ ಹೊತ್ತು ಅದು ಬಾಗಿಲಿರುವ ಕಪಾಟಿನಲ್ಲಿದೆ, ಜೊತೆಗೆ ಸಿಲಿಕಾ ಜೆಲ್ ಚೀಲಗಳು. ನೀಲಿ ಹರಳು ಗುಲಾಬಿಗೆ ತಿರುಗಿದರೆ ಸಣ್ಣ ಉರಿಯಲ್ಲಿ ಬಾಣಲೆಯಲ್ಲಿ ಬಿಸಿ ಮಾಡಿದಾಗ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆ ಅಡುಗೆಗೆ ಬಳಸುವಂಥದ್ದಾಗಬಾರದು. ಪ್ಲಾಸ್ಟಿಕ್ ಹೊದಿಸಬೇಡಿ, ತೇವ ಒಳಗೇ ಕೂರುತ್ತದೆ. ವೈಶಾಖದ ಗುಡುಗು, ಹಸ್ತ-ಚಿತ್ತಾ ಮಳೆಯ ಸಿಡಿಲಿನ ದಿನಗಳಲ್ಲಿ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಎಟಿಎಕ್ಸ್ ಯಂತ್ರ ಆರಿದಂತೆ ಕಂಡರೂ ಗೋಡೆಯ ಸ್ವಿಚ್ಚು ಹಾಕಿದ್ದರೆ ಒಳಗೆ 5 ವೋಲ್ಟ್ ಹರಿಯುತ್ತಲೇ ಇರುತ್ತದೆ.

ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಮಾವ ಒಂದು ಕಾಗದ ಅಂಟಿಸಿದ್ದಾರೆ. ಬ್ಯಾಟರಿ ಬದಲಿಸಿದ ತಾರೀಖು, ಬಯೋಸಿನಲ್ಲಿ ಡಿಸ್ಕಿನ ಲೆಕ್ಕ, ಜಂಪರಿನ ಚಿತ್ರ, ಯಾವ ಫಾಂಟು ಯಾವ ವರ್ಷದ ಕಡತಕ್ಕೆ, ಡಾಂಗಲ್ ಇಟ್ಟಿರುವ ಡ್ರಾಯರು. ಕೊನೆಯ ಸಾಲಿನಲ್ಲಿ ನಾವು ತಿದ್ದಿ ಮುಗಿಸಿದ ಆಮಂತ್ರಣಗಳ ಲೆಕ್ಕವಿದೆ. ಅದನ್ನು ಪೆನ್ಸಿಲಿನಲ್ಲಿ ಬರೆದಿದ್ದಾರೆ, ಪ್ರತಿ ಹುಣ್ಣಿಮೆಗೂ ಅಳಿಸಿ ಹೊಸ ಸಂಖ್ಯೆ ಹಾಕುತ್ತಾರೆ.